ಬೆಲ್ಲದ ಬೆರಳು

ನಾಗರ ಪಂಚಮಿಯ ಹಿಂದಿನ ದಿನ ನಡೆದದ್ದು. ಬೋನಾಳದ ನಮ್ಮ ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಅವರ ಹೊಟ್ಟೆಗೆ ಇನ್ಸುಲಿನ್ ಚುಚ್ಚುವವಳು ನಾನೇ, ಬೆರಳಿನ ರಕ್ತ ನೋಡುವವಳೂ ನಾನೇ. ಸಕ್ಕರೆ ಮುನ್ನೂರು ದಾಟಿದರೆ ಎಷ್ಟು ಯೂನಿಟ್ ಹೆಚ್ಚು ಕೊಡಬೇಕೆಂದು ಶಹಾಪುರದ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

ಆವತ್ತು ಚೌತಿ, ಹೆಂಗಸರು ಉಪವಾಸ ಹಿಡಿಯುವ ದಿನ. ಉಪವಾಸ ಮಾಡಲೇಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಆ ಮಾತು ಮುಗಿದಿದೆ ಎಂದುಕೊಂಡಿದ್ದೆ. ಇಂಜೆಕ್ಷನ್ ಕೊಟ್ಟು, ಉಪ್ಪಿಟ್ಟಿನ ತಟ್ಟೆಯನ್ನು ಮುಂದಿಟ್ಟು, "ಆರೂದ್ರಾಗ ತಿನ್ರಿ ಅತ್ತಿ" ಎಂದೆ.

"ತಿಂತೀನಿ, ನೀ ಹೋಗು. ಕೂಸುಗಳು ಕಾಯತಿರ್ತಾವ" ಎಂದರು. ನಾನು ಕೆಲಸ ಮಾಡುವ ಅಂಗನವಾಡಿಗೆ ಹೊರಟೆ.

ಮಧ್ಯಾಹ್ನ ಬಂದಾಗ ಅವರು ಒಲೆಯ ಹತ್ತಿರ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದರು. ಮರುದಿನ ಯಾದಗಿರಿಯಿಂದ ಅವರ ಮಗಳು ಹಬ್ಬಕ್ಕೆ ಬರುವವಳಿದ್ದಳು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಒಲೆಯ ಕಾವಿಗೆ ಇರಬೇಕು ಅಂದುಕೊಂಡೆ.

"ಯಾಕೋ ಕೈ ನಡುಗಾಕತ್ತಾವ ನೋಡು. ಕಣ್ಣ ಮುಂದ ಮಬ್ಬು ಬರಾಕತ್ತೈತಿ."

ಓಡಿಹೋಗಿ ಸಕ್ಕರೆ ನೋಡುವ ಮಷಿನ್ ತಂದೆ. ಅವರು ಕೈಯನ್ನು ಸೆರಗಿಗೆ ಒರೆಸಿ ಬೆರಳು ಚಾಚಿದರು. ಚುಚ್ಚಿ, ರಕ್ತದ ಹನಿಯನ್ನು ಮಷಿನ್ನಿನ ಪಟ್ಟಿಗೆ ಹಿಡಿದೆ. ನಾನೂರ ಹನ್ನೆರಡು.

ಕಣ್ಣು ನೇರ ಉಂಡಿ ತುಂಬಿದ ಪರಾತಕ್ಕೆ ಹೋಯಿತು.

"ಎಷ್ಟು ತಿಂದ್ರಿ?"

"ಏನು?"

"ಉಂಡಿ ರೀ. ಎಷ್ಟು ತಿಂದ್ರಿ?"

"ಒಂದು ಕಾಳು ಬಾಯಾಗ ಹಾಕಿಲ್ಲವಾ. ದೇವರಾಣಿ."

"ಮತ್ತ ಮಷಿನ್ ಸುಳ್ಳು ಹೇಳತೈತೇನು?"

ಅವರು ನನ್ನನ್ನೇ ನೋಡಿದರು. ಗಂಡನಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಫ್ರಿಜ್‌ನಿಂದ ಇನ್ಸುಲಿನ್ ಪೆನ್ನು ತೆಗೆದು, ಚೀಟಿ ನೋಡಿ ಯೂನಿಟ್ ತಿರುಗಿಸಿ, ಅವರ ಪಕ್ಕ ಕೂತೆ. ಹೊಟ್ಟೆಯ ಮೇಲಿನ ಸೀರೆಯನ್ನು ನಾನೇ ಸರಿಸಿದೆ. ದಿನಾ ಸೂಜಿ ಕಂಡರೆ ಸಾಕು, "ಸಾವಕಾಶ, ಸಾವಕಾಶ" ಎಂದು ಗದರಿಸುತ್ತಿದ್ದವರು ಗೋಡೆಗೆ ತಲೆ ಆನಿಸಿ ಸುಮ್ಮನಿದ್ದರು. ಆ ಸುಮ್ಮನಿರುವಿಕೆಗೆ ನನಗೆ ಹೆದರಿಕೆಯಾಯಿತು. ಕೈ ಮುಂದೆ ಹೋಗಲಿಲ್ಲ.

ಇಂಜೆಕ್ಷನ್ ಮಾಡುವುದನ್ನು ಕಲಿಸಿಕೊಟ್ಟಿದ್ದ ಸುರಪುರದ ಆಸ್ಪತ್ರೆಯ ಸಿಸ್ಟರ್‌ಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಬೆವರು ಐತಿ ಅಂತೀರಿ, ಕೈ ನಡುಗತಾವ ಅಂತೀರಿ. ಚುಚ್ಚೂ ಮೊದಲು ಏನ್ ಮಾಡಾಕತ್ತಿದ್ರು?"

"ಉಂಡಿ ಕಟ್ಟಾಕತ್ತಿದ್ರು ರೀ. ಬೆಲ್ಲದ್ದು."

"ಕೈ ತೊಳಸಿದ್ರೇನು?"

"ಇಲ್ಲ ರೀ. ಸೆರಗಿಗೆ ಒರಸ್ಕೊಂಡಿದ್ರು."

"ಸೂಜಿ ಕೆಳಗಿಡ್ರಿ! ಮೊದಲು ಸಬಕಾರ ಹಚ್ಚಿ ತೊಳಸ್ರಿ, ಒರಸ್ರಿ, ಬ್ಯಾರೆ ಬೆರಳಿಗೆ ಚುಚ್ಚರಿ. ಫೋನ್ ಇಡಬ್ಯಾಡ್ರಿ."

ಚೊಂಬಿನಲ್ಲಿ ನೀರು ತಂದು ಅವರ ಕೈ ತೊಳೆದೆ. ಉಗುರ ಸಂದಿಯಲ್ಲೆಲ್ಲ ಬೆಲ್ಲದ ಪಾಕ ಅಂಟಿತ್ತು. ಮೊದಲ ಸಲ ಮಷಿನ್ ಅಳೆದದ್ದು ಅದನ್ನೇ. ಚುಚ್ಚಿದೆ. ಐವತ್ತೊಂದು.

"ಬಾಳ ಇಳದೈತಿ! ಮೂರು ಚಮಚ ಸಕ್ಕರಿ, ನೀರಾಗ ಕಲಿಸಿ ಕುಡಸ್ರಿ" ಎಂದು ಸಿಸ್ಟರ್ ಕೂಗಿದರು.

ಲೋಟವನ್ನು ತುಟಿಗೆ ಹಿಡಿದರೆ ಅತ್ತೆ ಮುಖ ತಿರುಗಿಸಿದರು. "ಉಪವಾಸ ಐತಿ..." ಎಂದರು, ತೊದಲುತ್ತ.

ಆಗ ತಿಳಿಯಿತು. ಬೆಳಗಿನ ಉಪ್ಪಿಟ್ಟು ಮುಟ್ಟಿರಲಿಲ್ಲ. ಇನ್ಸುಲಿನ್ ಮಾತ್ರ ಒಳಗೆ ಹೋಗಿತ್ತು.

"ನಿಮ್ಮ ಕಾಲಿಗಿ ಬೀಳತೀನಿ, ಕುಡೀರಿ. ಪಾಪ ಬಂದ್ರ ನನಗ ಬರಲಿ" ಎಂದೆ. ಕುಡಿದರು. ಅರ್ಧ ಗದ್ದದ ಮೇಲೆ ಸುರಿಯಿತು. ಮತ್ತೊಂದು ಲೋಟ ಕಲಿಸಿದೆ. ಹದಿನೈದು ನಿಮಿಷ ಅವರ ಕೈ ಹಿಡಿದು ಕೂತೆ. ಅರವತ್ತಾರು. ಮತ್ತೆ ಸಕ್ಕರೆ ನೀರು, ಮತ್ತೆ ಹದಿನೈದು ನಿಮಿಷ. ನೂರ ಎಂಟು. ಬೆವರು ಆರಿತ್ತು, ಕಣ್ಣಿಗೆ ಕಳೆ ಬಂದಿತ್ತು. ಬಿಸಿ ಅನ್ನ ಸಾರು ಕಲಿಸಿ ಉಣಿಸಿದೆ.

ಉಂಡಾದ ಮೇಲೆ ಅವರು ಆಡಿದ ಮೊದಲ ಮಾತು: "ನಾ ತಿಂದಿಲ್ಲ ಅಂದ್ರ ನಂಬಲಿಲ್ಲಲ್ಲ ನೀ."

ನಾನು ಎಂಜಲು ತಟ್ಟೆ ಎತ್ತಿಕೊಂಡು ಎದ್ದೆ.

ಮರುದಿನ ನಾದಿನಿ ಬಂದವಳೇ, "ಅವ್ವ ಯಾಕ ಸೊರಗ್ಯಾಳ?" ಎಂದಳು.

"ಒಲಿ ಮುಂದ ಬಾಳ ಹೊತ್ತು ಕುಂತಿದ್ನಿ, ಅದಕ್ಕ" ಎಂದರು ಅತ್ತೆ. ನನ್ನ ಹೆಸರನ್ನೇ ಎತ್ತಲಿಲ್ಲ. ನನಗೇ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ: ಕದ್ದು ತಿಂದರೆಂದು ಬೈದದ್ದು, ಇನ್ನೇನು ಸೂಜಿ ಚುಚ್ಚುವವಳಿದ್ದದ್ದು. ಹೇಳುತ್ತ ಅಳು ಬಂತು. ನಾದಿನಿ ದಂಗಾಗಿ ತಾಯಿಯ ಮುಖ ನೋಡಿದಳು.

"ನಾನೂ ಉಪ್ಪಿಟ್ಟು ತಿಂತೀನಿ ಅಂತ ಸುಳ್ಳು ಹೇಳಿದ್ನಲ್ಲ. ಸಾಕು ಬಿಡು" ಎಂದರು ಅತ್ತೆ, ನನ್ನ ಕಡೆ ತಿರುಗಿ. "ಅಕಿ ಹಸದು ಬಂದಾಳ. ಉಣ್ಣಾಕ ನೀಡು."