ಶೀನು ನಿಲ್ಲಿಸಿದ ಗುಳಗಿ

ಔರಾದಿನಿಂದ ಬೀದರಿಗೆ ಹೊರಟ ಬಾಡಿಗೆ ಜೀಪಿನಲ್ಲಿ ನಾನು ಡ್ರೈವರನ ಪಕ್ಕ ಕೂತಿದ್ದೆ. ರಸ್ತೆ ಬದಿಯ ಸೋಯಾ ರಾಶಿಯ ಧೂಳಿಗೆ ಅವನಿಗೆ ಒಂದೇ ಸಮನೆ ಶೀನು. ಹಿಂದೆ ಕೂತಿದ್ದ, ಪರಿಚಯವಿಲ್ಲದ ಅಕ್ಕ ಒಬ್ಬಳು ಚೀಲದಿಂದ ಅಲರ್ಜಿ ಗುಳಗಿ ತೆಗೆದು, "ಒಂದು ಸಾಕಾಗಂಗಿಲ್ರಿ ಅಣ್ಣಾ, ಎರಡು ನುಂಗ್ರಿ" ಎಂದಳು. ನುಂಗಿಯೇ ಬಿಟ್ಟ.

ಅರ್ಧ ದಾರಿಗೆ ಶೀನು ನಿಂತಿತು. ಆಮೇಲೆ ಮಾತೂ ನಿಂತಿತು. ತಿರುಗಿ ನೋಡಿದರೆ ಅವನ ಕಣ್ಣುಗಳು ಮುಚ್ಚುತ್ತಿವೆ, ಎದುರಿಗೆ ಲಾರಿ!

"ಗಾಡಿ ನಿಂದ್ರಸ್ರಿ!" ಎಂದು ಭುಜ ಹಿಡಿದು ಅಲುಗಿಸಿದೆ.

"ಏನೂ ಆಗಂಗಿಲ್ರಿ ಸಾಹೇಬ್ರ" ಎಂದು ಅವನು ಅನ್ನುತ್ತಿದ್ದಂತೆಯೇ ಜೀಪು ಲಾರಿಯಿಂದ ಸ್ವಲ್ಪದರಲ್ಲೇ ತಪ್ಪಿ, ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು.

ನಾನು ಅಕ್ಕನ ಮೇಲೆ ರೇಗಿದೆ. "ಇದು ನಿದ್ದಿ ತರಸ್ತದ್ರಿ! ಗಾಡಿ ಹೊಡಿಯೋರಿಗಿ ಕೊಡ್ತಾರೇನು? ಅದೂ ಎರಡೆರಡು?"

ಸ್ಟೀರಿಂಗ್ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದವನನ್ನು ನೋಡಿ ಅಕ್ಕ ಸಮಾಧಾನದಿಂದ ಹೇಳಿದಳು: "ಶೀನಂತೂ ನಿಂತದಲ್ರಿ?"