ಅಜ್ಜಿ ಓದಿಸದೆ ಇಟ್ಟಿದ್ದ ಪತ್ರ

ಕಪಾಟಿನ ನುಸಿಗುಳಿಗೆಯ ವಾಸನೆಗೆ ಇವತ್ತು ಡೊಂಬಿವಲಿಯ ಅಜ್ಜಿಯ ಟ್ರಂಕು ನೆನಪಾಯಿತು. ಅದರಲ್ಲಿ ಅಜ್ಜನ ಪತ್ರವಿತ್ತು.

ಅಜ್ಜ ಯುದ್ಧದಲ್ಲಿ ಸೆರೆಸಿಕ್ಕಿದ್ದ ಸೈನಿಕ. ಪತ್ರಗಳನ್ನು ಓದಿ ನೋಡಿಯೇ ಕಳಿಸುತ್ತಿದ್ದ ಶಿಬಿರದ ಕಾವಲಿನವರಿಗೆ ಕನ್ನಡ ಬಾರದ್ದರಿಂದ, ಜೊತೆಯ ಕೈದಿಯೊಬ್ಬರಿಂದ ಇಂಗ್ಲಿಷಿನಲ್ಲಿ ಬರೆಸಿದ್ದರು. ಊರಿನ ಅಂಚೆಯವರು "ಜೀವಂತ ಇದ್ದಾರೆ" ಎಂದದ್ದೇ ಅಜ್ಜಿಗೆ ಸಾಕಾಗಿತ್ತು. ಉಳಿದದ್ದನ್ನು ಪರರಿಂದ ಓದಿಸಲು ನಾಚಿಕೆ. ಬಿಡುಗಡೆಯಾಗಿ ಬಂದು, ಡೊಂಬಿವಲಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜನನ್ನು ಕೇಳಿದರೆ, "ಕ್ಷೇಮ ಅಂತ ಬರೆಸಿದ್ದು" ಎನ್ನುತ್ತಿದ್ದರು.

ನಾನು ಐದನೇ ತರಗತಿಯಲ್ಲಿದ್ದಾಗ ಅಜ್ಜಿ ಅದನ್ನು ನನ್ನ ಕೈಗಿತ್ತರು. "ನೀನು ಓದು ಮಗಾ."

ಓದಿ ಹೇಳಿದೆ: "ಕಣ್ಣು ಮುಚ್ಚಿದರೆ ನಿನ್ನ ಮುಖವೇ ಕಾಣ್ತದೆ."

ಪಕ್ಕದಲ್ಲಿ ಕೂತಿದ್ದ ಅಜ್ಜ ಓದುತ್ತಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. "ಅದು ಬರೆದವರು ಸೇರಿಸಿದ್ದು ಮಾರಾಯ್ತಿ."

"ಇನ್ನೊಂದು ಸಲ ಓದು," ಎಂದರು ಅಜ್ಜಿ.

ಇಬ್ಬರೂ ಈಗಿಲ್ಲ. ಅವತ್ತು ಎಷ್ಟು ಸಲ ಓದಿದೆನೋ ಮರೆತಿದೆ. ಅಜ್ಜ ಪೇಪರ್ ಇಳಿಸಲೇ ಇಲ್ಲ ಎಂಬುದು ನೆನಪಿದೆ.