ಕಾಲುವೆ ಗೇಟಿನ ಚಿಗವ್ವ

ಚಿಗವ್ವನ ಅಂಗೈ ಗೆರೆಗಳಲ್ಲಿ ಗೇಟಿನ ಗ್ರೀಸು ಕಪ್ಪಗೆ ಕೂತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ, "ನನ್ನ ರೊಟ್ಟಿಗಿ ಬ್ಯಾರೆ ಎಣ್ಣಿ ಬೇಕಾಗಿಲ್ಲ ನೋಡು" ಎಂದು ತಾವೇ ನಗುತ್ತಿದ್ದರು.

ನಮ್ಮದು ಗಂಗಾವತಿ ಕಡೆಯ ಭತ್ತದ ಸೀಮೆ. ಪಕ್ಕದ ಮನೆಯ ಅವರನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಗಂಡ ನೀರಗಂಟಿ. ಕಾಲುವೆಯ ಗೇಟು ತಿರುವಿ, ಪಾಳಿ ಪ್ರಕಾರ ಹೊಲಗಳಿಗೆ ನೀರು ಬಿಡುವ ಕೆಲಸ. ಗಂಡ ತೀರಿಕೊಂಡಾಗ ನೀರಿನ ಸಂಘದವರು ಅದನ್ನು ಚಿಗವ್ವನಿಗೇ ಕೊಟ್ಟರು. ಅವನು ಜ್ವರ ಬಂದು ಮಲಗಿದಾಗಲೆಲ್ಲ ಗೇಟು ತಿರುವಿದ್ದು ಇವರೇ. ಯಾರಿಗೂ ಹೊಸದೆನ್ನಿಸಬಾರದಿತ್ತು.

ಮೇಲಿನ ಹೊಲದ ಮೂವರಿಗೆ ಅನ್ನಿಸಿತು. ಪಾಳಿ ಮುಗಿಯಿತೆಂದು ಗಂಡ ಗೇಟು ಮುಚ್ಚಿದರೆ ಜಗಳ ತೆಗೆದು, ಆಮೇಲೆ ಅವನನ್ನೇ ಚಹಾಕ್ಕೆ ಕರೆಯುತ್ತಿದ್ದವರು, ಚಿಗವ್ವ ಮುಚ್ಚಿದರೆ, "ಹೆಂಗಸು ಬಿಟ್ಟ ನೀರು ಕುಡದು ನಮ್ಮ ಭತ್ತ ಸೀರಿ ಉಟಗೊಂಡಾವು" ಅನ್ನುತ್ತಿದ್ದರು.

"ಉಟಗೊಳ್ಳಲಿ ಬಿಡ್ರಿ, ಚಳಿ ತಡೀತಾವು" ಎಂದು ಚಿಗವ್ವ ಗೇಟಿನ ಹ್ಯಾಂಡಲ್ ಹೆಗಲಿಗೇರಿಸಿ ನಡೆಯುತ್ತಿದ್ದರು. ನಾನು ಆ ಮೂವರ ಮುಖ ನೋಡುತ್ತಿದ್ದೆ. ಅವರು ನಗುತ್ತಿರಲಿಲ್ಲ.

ನಾನು ಶಾಲೆ ಬಿಟ್ಟವನು. ಮೀಸೆ ಬಲಿತ ಮೇಲೆ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದಾಗ ಊರೇ ನಕ್ಕಿತು. "ನಗೋರ ಹಲ್ಲು ಎಣಿಸ್ಕೋಂತ ಕುಂತ್ರ ಪರೀಕ್ಷಾ ಮುಗದು ಹೋಗತೈತಿ, ನಡಿ" ಎಂದು ಬಸ್ಸು ಹತ್ತಿಸಿದವರು ಚಿಗವ್ವ. ಪಾಸಾಗಿ, ಟೈಪಿಂಗ್ ಕಲಿತು, ತಾಲೂಕು ಕಚೇರಿ ಎದುರು ಅರ್ಜಿ ಟೈಪ್ ಮಾಡಿಕೊಡುವ ಒಂದು ಟೇಬಲ್ ಹಾಕಿದೆ.

ಒಂದು ಮಧ್ಯಾಹ್ನ ಚಿಗವ್ವ ಆ ಟೇಬಲ್ ಮುಂದೆ ಬಂದು ನಿಂತರು. ಕಿವಿಯ ಬಳಿ ರಕ್ತ ಒಣಗಿತ್ತು. ತಲೆಯ ಸೆರಗು ಸರಿಸಿದರು. ಆ ಮೂವರು ಗೇಟಿನ ಹತ್ತಿರ ಹಿಡಿದು ಕೆಡವಿ, ಕುಡುಗೋಲಿನಿಂದ ಕೂದಲನ್ನು ಬುಡದ ತನಕ ಕೊಯ್ದಿದ್ದರು. "ಗಂಡಸರ ಕೆಲಸಾ ಬೇಕಲ್ಲ ನಿನಗ, ಗಂಡಸಾಗು" ಅಂದಿದ್ದರು.

ಜೊತೆಗೆ ಠಾಣೆಗೆ ಹೋದೆ. ಆ ಮೂವರ ಕಡೆಯ ಹುಡುಗರು ಆಗಲೇ ಹೊರಗೆ ಬೈಕುಗಳ ಮೇಲೆ ಕೂತಿದ್ದರು. ಒಬ್ಬ ನನ್ನನ್ನು ನೋಡಿ, "ಟೈಪಿಂಗ್ ಟೇಬಲ್ ಛಲೋ ನಡದೈತೇನಪಾ?" ಅಂದ. ನಾನು ಚಿಗವ್ವನ ಹಿಂದೆ ಒಳಗೆ ನಡೆದೆ.

ಸಾಹೇಬರು ಕೆಟ್ಟವರಲ್ಲ. ನೀರು ತರಿಸಿಕೊಟ್ಟರು, ಪೂರ್ತಿ ಕೇಳಿದರು. ಕೊನೆಗೆ, "ನೀರಿನ ಜಗಳದಾಗ ಹೊಡದ್ರು ಅಂತ ಬರಸ್ರಿ ಯವ್ವಾ" ಅಂದರು.

"ನೀರಿನ ಜಗಳ ಅಲ್ಲರಿ."

"ಹೆಂಗಸು ಅನ್ನೋ ದ್ವೇಷಕ್ಕ ಹೊಡದ್ರು ಅನ್ನಾಕ ಬ್ಯಾರೆ ಸೆಕ್ಷನ್ ಇಲ್ಲ. ಹೊಡದದ್ದಕ್ಕ ಐತಿ, ಮಾನಕ್ಕ ಕೈ ಹಾಕಿದ್ದಕ್ಕ ಐತಿ. ಅವನ್ನ ಹಾಕತೀನಿ."

"ಸಾಹೇಬ್ರ, ನೀರು ಬೇಕಾಗಿದ್ರ ನನ್ನ ಕೆಡವಿ ಗೇಟು ಎತ್ತತಿದ್ರು. ಹ್ಯಾಂಡಲ್ ಅಲ್ಲೇ ಬಿದ್ದಿತ್ತು. ಗೇಟು ಮುಟ್ಟಲಿಲ್ಲರಿ. ನನ್ನ ಕೂದಲಾ ಮುಟ್ಟಿದ್ರು."

ಸಾಹೇಬರು ಪೆನ್ನು ಕೆಳಗಿಟ್ಟರು. ಹೊರಗೆ ಬೈಕೊಂದು ಚಾಲೂ ಆಯಿತು, ನಿಂತಿತು, ಮತ್ತೆ ಚಾಲೂ ಆಯಿತು.

"ಸೆಕ್ಷನ್ ಇರದಿದ್ರ ಬ್ಯಾಡ. ಯಾಕ ಹೊಡದ್ರು ಅನ್ನೋದು ಬರೀಬೇಕು. ಇಲ್ಲಂದ್ರ ನಾ ಹೆಬ್ಬಟ್ಟು ಒತ್ತಂಗಿಲ್ಲ. ಇವತ್ತು ನೀರು ಅಂತ ಬರಸಿದ್ರ ನಾಳೆ ಊರ ಹಿರೇರು ಪಾಳಿ ಹಂಚಿ ರಾಜಿ ಮಾಡಸ್ತಾರ. ಆ ರಾಜಿಯೊಳಗ ನನ್ನ ತಲಿ ಎಲ್ಲಿ ಬರತೈತ್ರಿ?"

ಸಾಹೇಬರು ನನ್ನ ಕಡೆ ತಿರುಗಿದರು. "ಆಕಿ ಹೇಳಿದಂಗ ಟೈಪ್ ಮಾಡಿ ತಾರಪಾ."

ಟೇಬಲ್ಲಿಗೆ ಬಂದೆವು. ಬೈಕುಗಳೂ ಹಿಂದೆಯೇ ಬಂದು ಎದುರು ನಿಂತವು. ಮೊದಲೇ ನಿಧಾನದ ನನ್ನ ಬೆರಳುಗಳು ಅವತ್ತು ತಪ್ಪು ಅಕ್ಷರಗಳನ್ನೇ ಒತ್ತುತ್ತಿದ್ದವು. 'ನಾನು ಹೆಂಗಸಾಗಿ ಈ ಕೆಲಸ ಮಾಡುತ್ತೇನೆಂಬ ದ್ವೇಷದಿಂದ' ಎಂಬ ಸಾಲು ಮುಗಿಯುವವರೆಗೂ ಚಿಗವ್ವ ಬೈಕುಗಳಿಗೂ ನನಗೂ ನಡುವೆ ಅಡ್ಡ ನಿಂತಿದ್ದರು.

ಮಾರನೇ ದಿನ ಸೆರಗು ಹೊದೆಯದೆ, ಕೊಯ್ದ ತಲೆಯಲ್ಲೇ ಗೇಟಿಗೆ ಹೋದರು. ಕೇಸು ಎಳೆಯುತ್ತಾ ಹೋಯಿತು. ಆ ಮೂವರ ವಕೀಲರು ನೀರಿನ ಜಗಳವೆಂದೇ ವಾದಿಸಿದರು. ತೀರ್ಪು ಬರುವ ಮೊದಲೇ ಚಿಗವ್ವ ತೀರಿಕೊಂಡರು.

ದ್ವೇಷದ ಅಪರಾಧಗಳ ಕಾನೂನಿನಲ್ಲಿ ಜಾತಿ, ಧರ್ಮದ ಜೊತೆಗೆ ಲಿಂಗವೂ ಇರಬೇಕು ಎಂಬ ಮಾತನ್ನು ಈಗ ಪೇಪರಿನಲ್ಲಿ ಓದುತ್ತೇನೆ. "ಹೊಡದ್ರ ಹೊಡದಂಗ, ಇರೋ ಕಾನೂನು ಸಾಲಂಗಿಲ್ಲೇನು?" ಎಂದು ಟೇಬಲ್ ಹತ್ತಿರ ಕೆಲವರು ಕೇಳುತ್ತಾರೆ. ಸಾಲದು ಅನ್ನುತ್ತೇನೆ.

ದೂರು ಬರೆಸಲು ಬಂದ ಹೆಣ್ಣುಮಕ್ಕಳನ್ನು "ಏನಾತು?" ಎಂದು ಕೇಳಿದ ಮೇಲೆ "ಯಾಕ ಮಾಡಿದ್ರು?" ಎಂದೂ ಕೇಳುತ್ತೇನೆ. ಬಹಳ ಜನರಿಗೆ ಅಳು ಬರುವುದೇ ಅಲ್ಲಿ. ನಾನು ಕೀಲಿಮಣೆಯಿಂದ ಕೈ ತೆಗೆದು ಕಾಯುತ್ತೇನೆ.